ಸೋತ ಜರ್ಮನಿ, ಹೊಸ ನೆರೆಯವರು

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ 1 ಲಕ್ಷಕ್ಕಿಂತ ಹೆಚ್ಚು ಸೈನಿಕರನ್ನು ಇಟ್ಟುಕೊಳ್ಳುವಂತಿರಲಿಲ್ಲ. ಹಾಗಿದ್ದೂ ಹೊಸದಾಗಿ ಸ್ವತಂತ್ರವಾದ ಪೋಲೆಂಡನ್ನು ಹೇಗೆ ಕಾಡಿತು? ಗಡಿಯಾಚೆ ಉಳಿದ ಜರ್ಮನ್ ಭಾಷಿಕರಿಗೆ, ಕಾಸರಗೋಡಿನ ನಮ್ಮಂಥವರಿಗಿರುವಂತೆ, ಅಹವಾಲು ಹೇಳಿಕೊಳ್ಳುವ ದಾರಿಯಿತ್ತೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸುಂಕದಿಂದ ಕಾಡಿತು. ಜರ್ಮನಿಯ ಪೂರ್ವದ ಕಲ್ಲಿದ್ದಲು ನಾಡಾದ ಮೇಲಣ ಸೈಲೀಶಿಯಾದ ಹೆಚ್ಚಿನ ಗಣಿಗಳು 1922ರಲ್ಲಿ ಪೋಲೆಂಡಿನ ಪಾಲಾದಾಗ, ಅಲ್ಲಿನ ಕಲ್ಲಿದ್ದಲನ್ನು ತಿಂಗಳಿಗೆ 5 ಲಕ್ಷ ಟನ್‌ವರೆಗೆ ಸುಂಕವಿಲ್ಲದೆ ಒಳಬಿಡಬೇಕೆಂಬ ಕರಾರು ಜರ್ಮನಿಯ ಮೇಲಿತ್ತು. ಅದು 1925ರ ಜೂನ್‌ನಲ್ಲಿ ಮುಗಿಯಿತು, ಜರ್ಮನಿ ಮುಂದುವರಿಸಲಿಲ್ಲ. ಪೋಲೆಂಡಿನ ರಫ್ತಿನಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಜರ್ಮನಿಗೇ ಹೋಗುತ್ತಿದ್ದುದರಿಂದ, ಹೊಟ್ಟೆಗೆ ಹೊಡೆದರೆ ಗಡಿಯ ವಿಚಾರದಲ್ಲೂ ಬಗ್ಗೀತು ಎಂಬುದು ಬರ್ಲಿನ್ನಿನ ಲೆಕ್ಕ. ಆದರೆ 1926ರಲ್ಲಿ ಬ್ರಿಟನ್ನಿನ ಗಣಿಗಳು ತಿಂಗಳುಗಟ್ಟಲೆ ಮುಚ್ಚಿದವು. ಅಲ್ಲಿಂದ ಕಲ್ಲಿದ್ದಲು ಕೊಳ್ಳುತ್ತಿದ್ದ ಸ್ಕ್ಯಾಂಡಿನೇವಿಯಾದ ಗಿರಾಕಿಗಳು ಪೋಲೆಂಡಿಗೆ ಸಿಕ್ಕರು, ಗ್ಡೀನಿಯಾ ಎಂಬ ಮೀನುಗಾರರ ಹಳ್ಳಿ ದೊಡ್ಡ ಬಂದರಾಯಿತು. ಸುಂಕದ ಜಗಳ 1934ರವರೆಗೂ ಎಳೆಯಿತು. 1925ರ ಲೊಕಾರ್ನೊ ಒಪ್ಪಂದದಲ್ಲಿ ಫ್ರಾನ್ಸ್, ಬೆಲ್ಜಿಯಂ ಗಡಿಗಳನ್ನು ಒಪ್ಪಿಕೊಂಡ ಜರ್ಮನಿಯ ವಿದೇಶಾಂಗ ಸಚಿವ ಸ್ಟ್ರೆಸೆಮಾನ್, ಪೋಲೆಂಡಿಗೆ ಕೊಟ್ಟದ್ದು ಮಧ್ಯಸ್ಥಿಕೆಯ ಮಾತು ಮಾತ್ರ.

ಅಹವಾಲಿಗೆ ಆ ಯುದ್ಧದ ನಂತರ ಹುಟ್ಟಿದ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ದಾರಿಯಿತ್ತು, ಇಕ್ಕಟ್ಟಿನದು. ಹೆಸರಿಲ್ಲದ ಅರ್ಜಿ, ಬೈಗುಳದ ಅರ್ಜಿ, ದೇಶದಿಂದ ಬೇರ್ಪಡುವ ಬೇಡಿಕೆಯ ಅರ್ಜಿ ಬಾಗಿಲಲ್ಲೇ ತಿರಸ್ಕೃತ. ಉಳಿದವು ಆರೋಪಕ್ಕೊಳಗಾದ ಸರ್ಕಾರದ ವಿವರಣೆಯೊಂದಿಗೆ ಮೂವರ ಸಮಿತಿಗೆ ಹೋಗುತ್ತಿದ್ದವು. ಅರ್ಜಿದಾರರ ಭಾಷಾಬಂಧು ರಾಷ್ಟ್ರ ಅದರಲ್ಲಿ ಕೂರುವಂತಿಲ್ಲ. ಸಂಘದ ಆಡಳಿತ ಮಂಡಳಿಯಾದ ಕೌನ್ಸಿಲ್ಲಿನ ಮುಂದೆ ವಿಷಯ ಎತ್ತುವ ಹಕ್ಕು ಕೌನ್ಸಿಲ್ ಸದಸ್ಯರದು, ಅರ್ಜಿದಾರರದಲ್ಲ. ಮೇಲಣ ಸೈಲೀಶಿಯಾದವರಿಗಷ್ಟೇ ನೇರ ದಾರಿ. 1926ರ ಸೆಪ್ಟೆಂಬರಿನಲ್ಲಿ ಕೌನ್ಸಿಲ್ಲಿನ ಕಾಯಂ ಸದಸ್ಯತ್ವ ಪಡೆದ ಜರ್ಮನಿ ವಿಷಯ ಎತ್ತುವ ಈ ಹಕ್ಕನ್ನು ಚೆನ್ನಾಗಿಯೇ ಬಳಸಿಕೊಂಡಿತು. ತಮಾಷೆಯೆಂದರೆ, ಸೈಲೀಶಿಯಾ ಬಿಟ್ಟರೆ ಜರ್ಮನಿಯೊಳಗಿನ ಪೋಲಿಷ್ ಭಾಷಿಕರಿಗೆ ಇಂಥ ಅರ್ಜಿಯ ಹಕ್ಕೇ ಇರಲಿಲ್ಲ. ನಮ್ಮಲ್ಲಿ ಸಂವಿಧಾನದ 350ಬಿ ವಿಧಿಯಡಿಯ ಭಾಷಾ ಅಲ್ಪಸಂಖ್ಯಾತರ ಅಧಿಕಾರಿ ನೆರೆರಾಜ್ಯಕ್ಕಲ್ಲ, ರಾಷ್ಟ್ರಪತಿಗೆ ವರದಿ ಕೊಡುತ್ತಾರೆ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ: 1923ರಲ್ಲಿ ಲಿಥುವೇನಿಯಾ ಮೇಮೆಲ್ ಬಂದರನ್ನು ವಶಪಡಿಸಿಕೊಂಡಾಗ ಜರ್ಮನಿ ಸುಮ್ಮನಿದ್ದದ್ದೇಕೆ?
– ಓದುಗರೊಬ್ಬರು, ಹೊಸೂರು

ಉತ್ತರ: ಯುದ್ಧಕ್ಕೆ ಮುಂಚೆ ಜರ್ಮನಿಯದಾಗಿದ್ದ ಮೇಮೆಲ್ ಆಗ ಫ್ರೆಂಚರ ಆಡಳಿತದಲ್ಲಿತ್ತು, ಅದೇ ವಾರ ಫ್ರೆಂಚ್, ಬೆಲ್ಜಿಯನ್ ಸೈನ್ಯ ಜರ್ಮನಿಯ ಕೈಗಾರಿಕಾ ಪ್ರದೇಶವಾದ ರೂರ್‌ಗೆ ನುಗ್ಗಿತ್ತು. ಅದಕ್ಕಿಂತ ಮುಖ್ಯವಾಗಿ, ವಿಲ್ನಿಯಸ್ ನಗರಕ್ಕಾಗಿ ಲಿಥುವೇನಿಯಾ ಪೋಲೆಂಡಿನ ಕಡುವೈರಿ. ಇಂಥ ನೆರೆಯವರನ್ನು ಜರ್ಮನಿ ಕಳೆದುಕೊಳ್ಳಲಿಲ್ಲ: ಪೋಲೆಂಡಿಗೆ ಕೊಡದ ಗಡಿ ಮಾನ್ಯತೆಯನ್ನು 1928ರ ಜನವರಿಯಲ್ಲಿ ಲಿಥುವೇನಿಯಾಕ್ಕೆ ಸಹಿ ಹಾಕಿ ಕೊಟ್ಟಿತು. ಹಿಟ್ಲರ್ 1939ರ ಮಾರ್ಚ್‌ನಲ್ಲಿ ಮೇಮೆಲನ್ನು ಕಿತ್ತುಕೊಂಡ.