ನೈಟ್ರೋ ಟ್ರಕ್ಕು ಬೆಳಗ್ಗೆ ಹೊತ್ತೇ ಯಾಕೆ ಕೈ ಕೊಡುತ್ತೆ?

ಪ್ರಶ್ನೆ: ಸರ್, ನಾನು ಚಿಕ್ಕಬಳ್ಳಾಪುರದವನು, ಡಿಪ್ಲೊಮಾ ಎರಡನೇ ವರ್ಷ. ಸೆಕೆಂಡ್ ಹ್ಯಾಂಡಲ್ಲಿ ಒಂದು ನೈಟ್ರೋ ಆರ್‌ಸಿ ಟ್ರಕ್, ಅಂದ್ರೆ ನೈಟ್ರೋ ಫ್ಯೂಯಲ್ಲಲ್ಲಿ ಓಡೋ ಪುಟ್ಟ ರಿಮೋಟ್ ಕಂಟ್ರೋಲ್ ಗಾಡಿ ತಗೊಂಡೆ. ಹೋದ್ ಭಾನುವಾರ ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ಕೂತು ಕಾರ್ಬೋರೇಟರ್ ಸ್ಕ್ರೂ ತಿರುಗ್ಸಿ ತಿರುಗ್ಸಿ ಹೊಗೆ ಪೂರ್ತಿ ನಿಲ್ಲಿಸ್ದೆ, ಸಖತ್ ಸ್ಪೀಡ್ ಬಂತು. ಮಾರನೇ ದಿನ ಬೆಳಗ್ಗೆ ಆರೂವರೆಗೆ ಮಂಜಲ್ಲಿ ಓಡ್ಸಿದ್ರೆ ಎರಡು ನಿಮಿಷ ಕಿರಚ್ಕೊಂಡು ಓಡಿ ನಿಂತೋಯ್ತು. ತಣ್ಣಗಾಗೋವರ್ಗೂ ಸ್ಟಾರ್ಟೇ ಆಗಲ್ಲ. ಈಗ ಯಾವ ಸ್ಕ್ರೂ ಎಷ್ಟು ತಿರುಗಿದೆ ಅಂತಾನೂ ಗೊತ್ತಿಲ್ಲ. ಗ್ಲೋ ಪ್ಲಗ್ (ಇಂಜಿನ್ ಒಳಗೆ ಫ್ಯೂಯಲ್ ಹೊತ್ತಿಸೋ ಪ್ಲಗ್) ಚೇಂಜ್ ಮಾಡ್ಲಾ?

ಉತ್ತರ: ಪ್ಲಗ್ ವಿಷಯ ಆಮೇಲೆ, ಮೊದ್ಲು ಆ ಹೊಗೆ ಯಾಕೆ ನಿಲ್ಲಿಸ್ದೆ ಹೇಳಪ್ಪ. ಮನೆ ಬೈಕಲ್ಲಿ ಹೊಗೆ ಬಂದ್ರೆ ರಿಂಗ್ ಹೋಗಿದೆ ಅಂತ ಮೆಕ್ಯಾನಿಕ್ ಬೈತಾನೆ ನಿಜ, ಆದ್ರೆ ಇದು ಹಳೇ ಆರ್‌ಎಕ್ಸ್ 100 ಜಾತಿದು, ಟೂ ಸ್ಟ್ರೋಕು. ಇದಕ್ಕೆ ಬೇರೆ ಆಯಿಲ್ ಟ್ಯಾಂಕ್ ಇಲ್ಲ, ಮೆಥನಾಲ್, ನೈಟ್ರೋಮೀಥೇನ್ ಜೊತೇಲೇ ಆಯಿಲ್ಲೂ ಫ್ಯೂಯಲ್ಲಲ್ಲೇ ಬೆರ್ತಿರುತ್ತೆ. ನೀಡಲ್, ಅಂದ್ರೆ ಫ್ಯೂಯಲ್ ಹೆಚ್ಚು ಕಮ್ಮಿ ಮಾಡೋ ಸ್ಕ್ರೂನ ಬಿಗಿ ಮಾಡಿ ಫ್ಯೂಯಲ್ ಕಮ್ಮಿ ಮಾಡಿದ್ರೆ ಆಯಿಲ್ಲೂ ಕಮ್ಮಿ, ಹಂಗಾಗಿ ಬಿಸಿ ಏರೋದೂ ಒಣಗೋದೂ ಒಟ್ಟೊಟ್ಟಿಗೇ. ಫುಲ್ ರೇಸಲ್ಲಿ ಹಿಂದೆ ತೆಳ್ಳಗೆ ನೀಲಿ ಹೊಗೆ ಗೆರೆ ಕಾಣ್ತಾನೇ ಇರ್ಬೇಕು. ನಾನೂ ತುಮಕೂರಲ್ಲಿ ನನ್ನ ಮೊದಲ್ನೇ ಇಂಜಿನ್ನ ಇದೇ ಸ್ಪೀಡ್ ಹುಚ್ಚಿಗೆ ಸೀಜ್ ಮಾಡ್ಕೊಂಡೋನೇ, ಅದಕ್ಕೇ ಇಷ್ಟು ಕುಯ್ತಿದೀನಿ.

ಸರಿ, ಮಧ್ಯಾಹ್ನ ಓಡಿದ್ದು ಬೆಳಗ್ಗೆ ಯಾಕೆ ನಿಲ್ತು? ಬಿಸಿಲಲ್ಲಿ ಗಾಳಿ ತೆಳು, ಆ ತೆಳು ಗಾಳಿಗೆ ಸರಿಯಾಗಿ, ಅಂದ್ರೆ ಅದಕ್ಕೂ ಒಂಚೂರು ಜಾಸ್ತಿನೇ ಲೀನ್ (ಗಾಳಿಗೆ ಹೋಲಿಸಿದ್ರೆ ಫ್ಯೂಯಲ್ ಕಮ್ಮಿ) ಮಾಡಿ ಇಟ್ಟಿದ್ದೆ. ನಿಮ್ಮೂರ ಬೆಳಗಿನ ಚಳಿಗೆ ಗಾಳಿ ದಟ್ಟ ಆಗುತ್ತೆ, ಅದೇ ತೂತಲ್ಲಿ ಆಕ್ಸಿಜನ್ ಜಾಸ್ತಿ ಹೋಗುತ್ತೆ, ಫ್ಯೂಯಲ್ ಅಷ್ಟೇ ಇರುತ್ತೆ, ಅಲ್ಲಿಗೆ ಇನ್ನೂ ಲೀನ್. ಚಳೀಲಿ ನೀಡಲ್ ಸ್ವಲ್ಪ ಬಿಚ್ಬೇಕು, ಬಿಸಿಲೇರಿದ್ಮೇಲೆ ಸ್ವಲ್ಪ ಬಿಗಿ ಮಾಡ್ಬೋದು. ಚಿಕ್ಕಬಳ್ಳಾಪುರ ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ ಗಾಳಿ ಕಡಲ ತೀರಕ್ಕಿಂತ ತೆಳು, ಅದಕ್ಕೇ ವಿಡಿಯೋದಲ್ಲಿ ಯಾರೋ ಕಡಲ ತೀರದೋನು ಹೇಳಿದ ಲೆಕ್ಕಾನ ಹಂಗೇ ಕಾಪಿ ಹೊಡೀಬೇಡ.

ಈಗ ಮೊದಲಿಂದ ಶುರು ಮಾಡು. ಹೈ ಸ್ಪೀಡ್ ನೀಡಲ್, ಲೋ ಸ್ಪೀಡ್ ನೀಡಲ್, ಐಡ್ಲಿಂಗ್ ಸ್ಕ್ರೂ, ಇವು ಮೂರನ್ನೂ ಕಂಪನಿ ಸೆಟ್ಟಿಂಗಿಗೆ ತಗೊಂಡ್ಬಾ, ಇಂಜಿನ್ ಮೇಲಿನ ಮಾಡೆಲ್ ನಂಬರ್ ಹಾಕಿ ಹುಡುಕಿದ್ರೆ ಸಾಮಾನ್ಯವಾಗಿ ಮ್ಯಾನ್ಯುಯಲ್ ಸಿಕ್ಬುಡುತ್ತೆ. ನೀಡಲ್ ಮುಚ್ಚುವಾಗ ತಳ ಮುಟ್ಟಿದ ತಕ್ಷಣ ನಿಲ್ಸು, ಒತ್ತಿದ್ರೆ ತುದಿ ಹಾಳು. ಆಮೇಲೆ ಒಂದು ಟ್ಯಾಂಕ್ ಮೆಲ್ಲಗೆ ಓಡ್ಸಿ ಬಿಸಿ ಆದ್ಮೇಲಷ್ಟೇ ಟ್ಯೂನಿಂಗು, ತಣ್ಣಗಿರೋ ಇಂಜಿನ್‌ಗೆ ಟ್ಯೂನ್ ಮಾಡಿದ್ದು ಯಾವ ಲೆಕ್ಕಕ್ಕೂ ಬರಲ್ಲ. ಮೊದ್ಲು ಹೈ ನೀಡಲ್. ಬಲಕ್ಕೆ ತಿರುಗಿಸಿದ್ರೆ ಲೀನ್, ಎಡಕ್ಕೆ ರಿಚ್, ಅಂದ್ರೆ ಫ್ಯೂಯಲ್ ಜಾಸ್ತಿ. ಗಡಿಯಾರದ ಚಿಕ್ಕ ಮುಳ್ಳು ಒಂದು ಗಂಟೆ ಸರಿಯೋವಷ್ಟು ಮಾತ್ರ ತಿರುಗ್ಸು, ಎರಡು ಮೂರು ರೌಂಡ್ ಫುಲ್ ರೇಸಲ್ಲಿ ಓಡ್ಸು, ಹೊಗೆ ನೋಡು, ಹೆಡ್ ಮೇಲೆ ಒಂದು ಹನಿ ನೀರು ಬಿಡು. ಅಮ್ಮ ದೋಸೆ ಹೆಂಚಿಗೆ ನೀರು ಚಿಮುಕಿಸ್ತಾರಲ್ಲ ಹಂಗೆ, ಸುಮ್ನೆ ಕೂತ್ರೆ ಇನ್ನೂ ತಣ್ಣಗಿದೆ, ಮೂರ್ನಾಲ್ಕು ಸೆಕೆಂಡಲ್ಲಿ ಚುಂಯ್ ಅಂತ ಆರಿದ್ರೆ ಸರಿ, ಬಿದ್ದ ಕೂಡ್ಲೇ ಮಾಯ ಆದ್ರೆ ತಕ್ಷಣ ಆಫ್ ಮಾಡಿ ನೀಡಲ್ ಸ್ವಲ್ಪ ಎಡಕ್ಕೆ ತಿರುಗ್ಸು. ಟೆಂಪರೇಚರ್ ಗನ್ ಇದ್ರೆ ಪ್ಲಗ್ ಹತ್ರ ಹಿಡಿ, 100ರಿಂದ 125 ಡಿಗ್ರಿ ಒಳಗಿದ್ರೆ ಸಾಕು, ಆದ್ರೆ ನಂಬರ್ ಸರಿ ಬಂತು ಅಂತ ಹೊಗೆ ಮರೀಬೇಡ.

ಲೋ ನೀಡಲ್‌ಗೆ ಇನ್ನೊಂದು ಟೆಸ್ಟ್ ಇದೆ. ಬಿಸಿ ಇಂಜಿನ್ ಐಡ್ಲಿಂಗಲ್ಲಿ ಇದ್ದಾಗ ಕಾರ್ಬೋರೇಟರ್ ಪಕ್ಕದಲ್ಲೇ ಫ್ಯೂಯಲ್ ಟ್ಯೂಬ್‌ನ ಬೆರಳಲ್ಲಿ ಅಮುಕಿ ಹಿಡ್ಕೋ, ಸೈಲೆನ್ಸರ್ ತಾಕದಂಗೆ. ಎರಡು ಮೂರು ಸೆಕೆಂಡಲ್ಲಿ ಸೌಂಡ್ ಸ್ವಲ್ಪ ಏರಿ ಇಂಜಿನ್ ನಿಲ್ಬೇಕು. ಅಮುಕಿದ್ ತಕ್ಷಣ ಸತ್ರೆ ಲೀನ್, ಐದಾರು ಸೆಕೆಂಡ್ ಎಳೀತಾ ಇದ್ರೆ ರಿಚ್. ಐಡ್ಲಿಂಗ್ ಸ್ಕ್ರೂ ಕೊನೇಗೆ. ಒಂದ್ಸಲಕ್ಕೆ ಒಂದೇ ಸ್ಕ್ರೂ, ಎಷ್ಟು ತಿರುಗಿಸ್ದೆ ಅಂತ ಬರ್ದಿಟ್ಕೋ.

ಮೆಥನಾಲ್ ವಿಷ, ಬಿಸಿಲಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣಲ್ಲ, ಹಂಗಾಗಿ ಗ್ಲೌಸ್ ಹಾಕು, ಬಾಟ್ಲಿ ಮುಚ್ಚಳ ಬಿಗಿ ಇರ್ಲಿ, ಗಾಳಿಲಿರೋ ನೀರನ್ನ ಅದು ಎಳ್ಕೊಂಬಿಡುತ್ತೆ.

ಇನ್ನು ನೀನು ಕೇಳಿದ ಪ್ಲಗ್ಗು. ಬಿಚ್ಚಿ ನೋಡು, ಒಳಗಿನ ಸುರುಳಿ ಹೊಳೀತಾ ನೆಟ್ಟಗಿದ್ರೆ ಇನ್ನೂ ನಡೆಯುತ್ತೆ, ಬೂದಿ ಬಣ್ಣಕ್ಕೆ ತಿರುಗಿ ಸೊಟ್ಟಗಾಗಿದ್ರೆ ಲೀನ್ ಓಡಿದ ಗುರುತು, ಹೊಸದು ಹಾಕು. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಪ್ಲಗ್ ಹಾಕ್ಕೊಂಡೇ ಫ್ಲೈವೀಲ್‌ನ ಕೈಯಲ್ಲಿ ತಿರುಗ್ಸು. ಇಂಥ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್‌ಗೆ ರಿಂಗ್ ಇರಲ್ಲ, ಸ್ಲೀವ್ (ಪಿಸ್ಟನ್ ಓಡಾಡೋ ಕೊಳವೆ) ಮೇಲ್ಗಡೆ ಕಿರಿದಾಗಿರುತ್ತೆ, ಅದಕ್ಕೇ ಪಿಸ್ಟನ್ ಮೇಲೆ ಬಂದಾಗ ಗಟ್ಟಿಯಾಗಿ ಹಿಡೀಬೇಕು. ಹಿಡೀದೇ ಸಲೀಸಾಗಿ ತಿರುಗಿದ್ರೆ ಆ ಎರಡು ನಿಮಿಷದಲ್ಲೋ ಹಳೇ ಓನರ್ ಕೈಯಲ್ಲೋ ಅದು ಸವೆದೋಗಿದೆ, ಆಗ ಪ್ಲಗ್ ತಗೊಳೋ ದುಡ್ಡನ್ನ ಪಿಸ್ಟನ್ ಸ್ಲೀವ್ ಸೆಟ್‌ಗೆ ಎತ್ತಿಡು.