ನಿಮ್ಮ ಟೆಲಿಗ್ರಾಫಿಸ್ಟ್ ವಿಪರೀತ ಮಾತಾಡುತ್ತಾನೆ

ಪ್ರಿಯ ಲೇಖಕರೇ,

ನೀವು ಕಳಿಸಿದ ನೀಳ್ಗತೆಯನ್ನು ಪೂರ್ತಿಯಾಗಿ ಓದಿದೆ. 1942ರಲ್ಲಿ ಕಾರವಾರದ ಹತ್ತೊಂಬತ್ತರ ಹುಡುಗನೊಬ್ಬ ರಾಯಲ್ ಇಂಡಿಯನ್ ನೇವಿ ಸೇರಿ, ಮುಂಬಯಿಯಲ್ಲಿ ಮೋರ್ಸ್ (ಚುಕ್ಕಿ-ಗೆರೆಗಳ ತಂತಿ ಸಂಕೇತ) ಕಲಿತು, ಸಣ್ಣದೊಂದು ಯುದ್ಧನೌಕೆಯ ನಿಸ್ತಂತು ಕೊಠಡಿಯಲ್ಲಿ ಟೆಲಿಗ್ರಾಫಿಸ್ಟನಾಗಿ ಯುದ್ಧ ಮುಗಿಯುವವರೆಗೆ ದುಡಿಯುವ ಕಥೆ ಇದು. ವಸ್ತು ಅಪರೂಪದ್ದು, ವಾಕ್ಯಗಳು ಅಚ್ಚುಕಟ್ಟಾಗಿವೆ. ಆದರೂ ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ನೀವು ಇದನ್ನು ತಿದ್ದಿ ಬರೆಯಬಲ್ಲಿರಿ ಎಂಬ ನಂಬಿಕೆ ಇರುವುದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೊದಲ ಆಕ್ಷೇಪವೇ ದೊಡ್ಡದು. ನಿಮ್ಮ ನಾಯಕ ಮುಂಬಯಿ ಬಿಟ್ಟ ಮರುದಿನದಿಂದಲೇ ಮೋರ್ಸ್ ಕೀ ಒತ್ತಿ ಸಂದೇಶ ಕಳಿಸಲು ಶುರುಮಾಡುತ್ತಾನೆ. ಹವಾಮಾನ ತಿಳಿಸುತ್ತಾನೆ, ಬೆಂಗಾವಲಿನ ಇನ್ನೊಂದು ಹಡಗಿನಲ್ಲಿರುವ ಗೆಳೆಯನೊಡನೆ ಹರಟುತ್ತಾನೆ, ಬಿರುಗಾಳಿ ಬಂದಾಗ ಎಸ್‌ಒಎಸ್ ಕಳಿಸಿ ಎಲ್ಲರನ್ನೂ ಉಳಿಸುತ್ತಾನೆ. ಯುದ್ಧಕಾಲದ ಸಮುದ್ರದಲ್ಲಿ ಇದು ನಡೆಯುವ ಮಾತಲ್ಲ. ಹಡಗು ಪ್ರಸಾರ ಮಾಡುವುದೆಂದರೆ ಕತ್ತಲಲ್ಲಿ ಅಡಗಿ ಕೂತವನು ಬೀಡಿ ಹಚ್ಚಿದ ಹಾಗೆ. ಜರ್ಮನ್ ಜಲಾಂತರ್ಗಾಮಿಗಳು ಕಳಿಸುತ್ತಿದ್ದ ಚುಟುಕು ಸಂದೇಶಗಳನ್ನೇ ಹಿಡಿದು ಮಿತ್ರರಾಷ್ಟ್ರಗಳ ನೌಕೆಗಳು ಅವುಗಳ ದಿಕ್ಕನ್ನು ಪತ್ತೆಹಚ್ಚುತ್ತಿದ್ದವು; ಶತ್ರುವೂ ಅದನ್ನೇ ಮಾಡಬಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಬೆಂಗಾವಲಿನ ಒಳಗಿನ ಮಾತುಕತೆ ಹೆಚ್ಚಾಗಿ ಬಾವುಟ ಮತ್ತು ದೀಪದ ಮೂಲಕ ನಡೆಯುತ್ತಿತ್ತು. ಅದು ಮೇಲೆ ಗಾಳಿಯಲ್ಲಿ ನಿಂತ ಸಿಗ್ನಲ್‌ಮನ್‌ನ ಕೆಲಸವೇ ಹೊರತು ಕೆಳಗೆ ಹೆಡ್‌ಫೋನ್ ಹಾಕಿಕೊಂಡು ಕೂತ ಟೆಲಿಗ್ರಾಫಿಸ್ಟನದಲ್ಲ. ಇವನ ಕೆಲಸ ಕೇಳಿಸಿಕೊಳ್ಳುವುದು. ವಾರಗಟ್ಟಲೆ, ಪಾಳಿಯ ಮೇಲೆ ಪಾಳಿ, ಕೇಳಿಸಿಕೊಳ್ಳುವುದು ಮಾತ್ರ.

‘ಹಾಗಾದರೆ ಕಥೆ ಎಲ್ಲಿದೆ’ ಎಂದು ನೀವು ಕೇಳಬಹುದು. ನನ್ನ ಮಟ್ಟಿಗೆ ಕಥೆ ಇರುವುದೇ ಅಲ್ಲಿ. ದಡದ ಕೇಂದ್ರಗಳು ನಿಗದಿತ ವೇಳೆಗೆ ಎಲ್ಲ ಹಡಗುಗಳಿಗೂ ಒಟ್ಟಾಗಿ, ಕ್ರಮಸಂಖ್ಯೆ ಹಾಕಿ ಸಂದೇಶ ಬಿತ್ತರಿಸುತ್ತಿದ್ದವು. ಹಡಗು ‘ತಲುಪಿತು’ ಎಂದು ಉತ್ತರಿಸುತ್ತಿರಲಿಲ್ಲ. ಬರುತ್ತಿದ್ದುದು ಅಂಕಿ ಅಥವಾ ಅಕ್ಷರಗಳ ಅರ್ಥವಿಲ್ಲದ ಗುಂಪುಗಳು. ಗುಡುಗಿನ ಗದ್ದಲದಲ್ಲಿ ಒಂದು ಗುಂಪು ತಪ್ಪಿಹೋದರೆ ‘ಇನ್ನೊಮ್ಮೆ ಹೇಳಿ’ ಎನ್ನುವಂತಿಲ್ಲ. ತಪ್ಪಿದ ಜಾಗ ಖಾಲಿ ಬಿಟ್ಟ ಹಾಳೆಯನ್ನು ಸಂಕೇತ ಬಿಡಿಸುವವನ ಕೈಗೆ ಕೊಟ್ಟು, ಆ ಖಾಲಿ ಜಾಗದಲ್ಲಿ ತಮ್ಮ ಹಡಗಿನ ಹಣೆಬರಹವೇ ಇತ್ತೇನೋ ಎಂದು ಕೊರಗುವ ಹುಡುಗನನ್ನು ನಾನು ನಿಮ್ಮ ಹಸ್ತಪ್ರತಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಅವನು ‘ಪ್ರತಿ ಅಕ್ಷರವನ್ನೂ ಯೋಚಿಸಿ ಬರೆದ’ ಎಂದಿದ್ದೀರಿ. ಪಳಗಿದ ಆಪರೇಟರ್ ಯೋಚಿಸುವುದಿಲ್ಲ; ಕಿವಿ ಮುಂದಿನ ಅಕ್ಷರ ಕೇಳುತ್ತಿರುವಾಗ ಪೆನ್ಸಿಲ್ ಹಿಂದಿನದನ್ನು ಬರೆಯುತ್ತಿರುತ್ತದೆ, ಯೋಚಿಸಿದ ಕ್ಷಣವೇ ಸಾಲು ಕೈತಪ್ಪುತ್ತದೆ. ರಜೆಯಲ್ಲಿ ಮನೆಗೆ ಬಂದವನಿಗೆ ಸೂರಿನಿಂದ ಬೀಳುವ ಮಳೆಹನಿಯಲ್ಲೂ ಮೋರ್ಸ್ ಕೇಳಿಸುತ್ತದೆಂದು ಬರೆದಿದ್ದೀರಲ್ಲ, ಈ ಇಡೀ ಕಥೆಯಲ್ಲಿ ನಾನು ಅಡಿಗೆರೆ ಎಳೆದ ಒಂದೇ ಸಾಲು ಅದು.

ಎಸ್‌ಒಎಸ್ ಪ್ರಸಂಗವನ್ನು ತಲೆಕೆಳಗು ಮಾಡಿ ನೋಡಿ. 500 ಕಿಲೋಸೈಕಲ್ ಆಗಿನ ಅಂತರರಾಷ್ಟ್ರೀಯ ವಿಪತ್ತಿನ ತರಂಗ (ನೀವು ಬಳಸಿದ ‘ಕಿಲೋಹರ್ಟ್ಸ್’ ಆಗಿನ ಬ್ರಿಟಿಷ್ ನೌಕೆಗಳ ಮಾತಲ್ಲ). ಪ್ರತಿ ಗಂಟೆಯ 15ರಿಂದ 18ನೇ ನಿಮಿಷ ಹಾಗೂ 45ರಿಂದ 48ನೇ ನಿಮಿಷ ಆ ತರಂಗದಲ್ಲಿ ಎಲ್ಲರೂ ಸುಮ್ಮನಿದ್ದು, ಕ್ಷೀಣವಾದ ಕೂಗೇನಾದರೂ ಇದೆಯೇ ಎಂದು ಕಿವಿಗೊಡಬೇಕಿತ್ತು. ನಡುರಾತ್ರಿಯಿಂದ ನಾಲ್ಕರವರೆಗಿನ ಪಾಳಿ, ಬೆಳಕು ಹೊರಬೀಳದಂತೆ ಮುಚ್ಚಿದ ಕಿಟಕಿ, ವಾಲ್ವುಗಳ ಕಾವು. ಆಗ ನಾಲ್ಕು ಎಸ್ ಕೇಳುತ್ತದೆ. ಜಲಾಂತರ್ಗಾಮಿಯ ದಾಳಿಗೆ ಸಿಕ್ಕ ವಾಣಿಜ್ಯ ಹಡಗು ಯುದ್ಧದಲ್ಲಿ ಮೊದಲು ಕಳಿಸುತ್ತಿದ್ದುದು ಈ ನಾಲ್ಕು ಎಸ್‌ಗಳನ್ನು, ಅಂದರೆ ಹನ್ನೆರಡು ಚುಕ್ಕಿಗಳನ್ನು. ಮೇಲ್ಮೈ ದಾಳಿನೌಕೆಯಾದರೆ ನಾಲ್ಕು ಆರ್. ಆಮೇಲೆ ಹಡಗಿನ ಹೆಸರು, ಅಕ್ಷಾಂಶ, ರೇಖಾಂಶ. ನಿಮ್ಮ ಹುಡುಗ ಬರೆದುಕೊಳ್ಳುತ್ತಾನೆ, ಹಾಳೆ ಮೇಲೆ ಹೋಗುತ್ತದೆ. ಬೆಂಗಾವಲನ್ನು ಬಿಟ್ಟು ಹೋಗುವಂತಿಲ್ಲವಾದ್ದರಿಂದ ಹಡಗು ದಿಕ್ಕು ಬದಲಿಸುವುದಿಲ್ಲ. ‘ಕೇಳಿಸಿತು’ ಎಂಬಷ್ಟನ್ನೂ ಅವನು ಹೇಳಲಾರ. ಅತ್ತಲಿನ ಕೈ ಎಷ್ಟು ಸಲ ಅದನ್ನೇ ಮತ್ತೆ ಕಳಿಸುತ್ತದೆ, ಯಾವ ಅಕ್ಷರದಲ್ಲಿ ನಿಂತುಹೋಗುತ್ತದೆ ಎಂಬುದನ್ನು ನೀವು ತೀರ್ಮಾನಿಸಿ. ದಯವಿಟ್ಟು ಅಲ್ಲಿ ಅವನನ್ನು ಅಳಿಸಬೇಡಿ, ಪಾಳಿ ಮುಗಿಯಲು ಇನ್ನೂ ಎರಡು ಗಂಟೆ ಇರಲಿ.

ಕೊನೆಯ ಕದನಕ್ಕೆ 1942ರ ನವೆಂಬರ್ 11ರ ‘ಬೆಂಗಾಲ್’ ನೌಕೆಯ ಘಟನೆ ಪ್ರೇರಣೆ ಎಂದು ಪತ್ರದಲ್ಲಿ ತಿಳಿಸಿದ್ದೀರಿ. ಒಳ್ಳೆಯ ಆಯ್ಕೆ. ಡಚ್ ಟ್ಯಾಂಕರ್ ‘ಒಂದಿನಾ’ಗೆ ಬೆಂಗಾವಲಾಗಿದ್ದ ಆ ಪುಟ್ಟ ಮೈನ್‌ಸ್ವೀಪರ್ (ಕಡಲಿನ ಸ್ಫೋಟಕಗಳನ್ನು ತೆರವುಗೊಳಿಸುವ ನೌಕೆ) ಎದುರಿಸಿದ್ದು ತಲಾ ಹತ್ತು ಸಾವಿರ ಟನ್ ಮೀರಿದ ಎರಡು ಜಪಾನಿ ದಾಳಿನೌಕೆಗಳನ್ನು, ಅವುಗಳಲ್ಲಿ ‘ಹೊಕೊಕು ಮಾರು’ ಮುಳುಗಿತು, ‘ಬೆಂಗಾಲ್’ ಮತ್ತು ಟ್ಯಾಂಕರ್ ಎರಡೂ ಉಳಿದವು. ನಿಮ್ಮ ಪುಟಗಳಲ್ಲಿ ಮಾತ್ರ ಅದು ಬರೀ ಫಿರಂಗಿಗಳ ಆರ್ಭಟವಾಗಿದೆ. ನಿಮ್ಮ ಹುಡುಗನಿಗೆ ಆ ಕದನ ಕಾಣುವುದೇ ಇಲ್ಲ, ಅವನು ಕೊಠಡಿಯೊಳಗಿದ್ದಾನೆ. ಶತ್ರು ಹಡಗನ್ನು ಕಂಡಾದ ಮೇಲೆ ಮೌನಕ್ಕೆ ಬೆಲೆಯಿಲ್ಲ. ಶತ್ರು ಎಲ್ಲಿದ್ದಾನೆಂದು ದಡಕ್ಕೆ ಕೂಗಿ ಹೇಳಲೇಬೇಕು. ಇಡೀ ಕಥೆಯಲ್ಲಿ ಅವನ ಬೆರಳು ಕೀ ಮುಟ್ಟಬೇಕಾದ ಸ್ಥಳ ಇದೊಂದೇ. ಅಲ್ಲಿಯವರೆಗೆ ಅವನನ್ನು ಸುಮ್ಮನಿರಿಸಿದ್ದರೆ ಈ ಸಂದೇಶದ ತೂಕವೇ ಬೇರೆಯಾಗುತ್ತಿತ್ತು.

ಸಣ್ಣ ತಿದ್ದುಪಡಿಗಳೂ ಇವೆ. ಆಗಿನ ನೌಕೆಗಳ ಹೆಸರಿನ ಹಿಂದೆ ‘ಐಎನ್‌ಎಸ್’ ಬರುವಂತಿಲ್ಲ, ‘ಎಚ್‌ಎಂಐಎಸ್’ (ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್) ಎಂದಾಗಬೇಕು. ಕಾರವಾರ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಅವನ ತಂದೆ ‘ಮೈಸೂರು ಸರ್ಕಾರದ ನೌಕರ’ ಆಗಿರುವುದು ಹೊಂದುವುದಿಲ್ಲ.

ಇನ್ನು 1946ರ ಫೆಬ್ರವರಿಯ ನಾವಿಕರ ಬಂಡಾಯವನ್ನು ಕೊನೆಯ ಎರಡು ಪುಟಗಳಲ್ಲಿ ತುರುಕಿ, ನಾಯಕನ ಬಾಯಿಂದ ಭಾಷಣ ಮಾಡಿಸಿದ್ದೀರಿ. ಫೆಬ್ರವರಿ 18ರಂದು ಅದು ಹೊತ್ತಿಕೊಂಡದ್ದು ಮುಂಬಯಿಯ ಸಿಗ್ನಲ್ ಶಾಲೆಯಾದ ‘ತಲ್ವಾರ್’ನಲ್ಲಿ. ಮುಷ್ಕರ ಸಮಿತಿಯ ಅಧ್ಯಕ್ಷ ಎಂ. ಎಸ್. ಖಾನ್ ಸಿಗ್ನಲ್‌ಮನ್, ಉಪಾಧ್ಯಕ್ಷ ಮದನ್ ಸಿಂಗ್ ಟೆಲಿಗ್ರಾಫಿಸ್ಟ್. ಕೆಟ್ಟ ಊಟ ಮತ್ತು ಮೇಲಧಿಕಾರಿಯ ಬೈಗುಳದಿಂದ ಎದ್ದ ಸಿಟ್ಟು ಕರಾಚಿಯವರೆಗೂ ಅಷ್ಟು ಬೇಗ ಹಬ್ಬಿದ್ದರಲ್ಲಿ ನಿಸ್ತಂತುವಿನ ಪಾತ್ರ ದೊಡ್ಡದು. ಇಷ್ಟು ಸಾಮಗ್ರಿ ಇರುವ ಐದಾರು ದಿನಗಳನ್ನು ಬಾಲಂಗೋಚಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆ ಪುಟಗಳನ್ನು ಕಿತ್ತು ಬೇರೆಯಾಗಿ ಇಟ್ಟುಕೊಳ್ಳಿ, ಅದು ಇನ್ನೊಂದು ಕಥೆ. ಇದನ್ನು ಕದನದ ನಂತರ ಹಡಗು ಬಂದರು ಸೇರುವ ಮೊದಲೇ ನಿಲ್ಲಿಸಿ, ಈಗಿರುವುದರ ಮೂರನೆಯ ಎರಡು ಭಾಗದಷ್ಟಕ್ಕೆ ಇಳಿಸಿ ಕಳಿಸಿದರೆ ಮೊದಲಿನಿಂದ ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ