ಬೆಳಿಗ್ಗೆ ಸಾಕರ್, ಮಧ್ಯಾಹ್ನ ಫುಟ್‌ಬಾಲ್: ಕೊಲಂಬಸ್‌ಗೆ ಹೊಸದಾಗಿ ಬಂದವರಿಗೆ

ನಮಸ್ಕಾರ. ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಆಡಿ ಬೆಳೆದವರು, ಕಂಠೀರವದಲ್ಲಿ ನಿಂತು ಬೆಂಗಳೂರು ಎಫ್‌ಸಿಗೆ ಕೂಗಿದವರು, ಈಗ ಕೆಲಸಕ್ಕೆಂದು ಓಹಾಯೊದ ಕೊಲಂಬಸ್‌ಗೆ ಬಂದಿದ್ದೀರಿ. ಆಫೀಸಿನ ಗೆಳೆಯರಿಗೆಲ್ಲ ಅಮೆರಿಕನ್ ಫುಟ್‌ಬಾಲ್ ಅಂದರೆ ಪ್ರಾಣ. ವಾರಾಂತ್ಯ ಅವರ ಜೊತೆ ಕೂರಬೇಕೋ, ಮನೆಯಲ್ಲಿ ಒಬ್ಬರೇ ಕೂತು ನಿಮ್ಮ ಪಂದ್ಯ ನೋಡಬೇಕೋ ಎಂಬುದು ನಿಮ್ಮ ಚಿಂತೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಗಿಲ್ಲ. ಎರಡು ಆಟಗಳ ಹೊತ್ತೇ ಬೇರೆ. (ಇಲ್ಲಿಯವರು ಕರೆಯುವ ಹಾಗೆ ನಮ್ಮ ಆಟವನ್ನು ಸಾಕರ್ ಎಂದೂ ಅವರದನ್ನು ಫುಟ್‌ಬಾಲ್ ಎಂದೂ ಬರೆಯುತ್ತೇನೆ.)

ಮೊದಲು ಗಡಿಯಾರ. ಇಂಗ್ಲೆಂಡಿಗಿಂತ ಕೊಲಂಬಸ್ 5 ಗಂಟೆ ಹಿಂದೆ. ಆದ್ದರಿಂದ ಪ್ರೀಮಿಯರ್ ಲೀಗ್‌ನ ಶನಿವಾರದ ಪಂದ್ಯಗಳು ಇಲ್ಲಿ ಬೆಳಿಗ್ಗೆ 7:30, 10:00 ಮತ್ತು ಮಧ್ಯಾಹ್ನ 12:30ಕ್ಕೆ ಶುರುವಾಗುತ್ತವೆ. ಭಾನುವಾರ ಸಾಮಾನ್ಯವಾಗಿ 9:00 ಮತ್ತು 11:30ಕ್ಕೆ. ಕಾಲೇಜು ಫುಟ್‌ಬಾಲ್ ಇರುವುದು ಶನಿವಾರ: 12:00, 3:30, 7:30ರ ಸುಮಾರಿಗೆ. ವೃತ್ತಿಪರ ಫುಟ್‌ಬಾಲ್‌ನ ಲೀಗ್ ಎನ್‌ಎಫ್‌ಎಲ್ ಭಾನುವಾರ ಮಧ್ಯಾಹ್ನ 1:00, ಆಮೇಲೆ 4:25ರ ಆಸುಪಾಸು, ರಾತ್ರಿ 8:20. ಲೆಕ್ಕ ಹಾಕಿ ನೋಡಿ. ಶನಿವಾರ 10 ಗಂಟೆಯ ಸಾಕರ್ ಪಂದ್ಯ ಮುಗಿಯುವುದು 12ಕ್ಕೆ ಸ್ವಲ್ಪ ಮೊದಲು, ಅವರ ಆಟ ಶುರುವಾಗುವುದು 12ಕ್ಕೆ. ಭಾನುವಾರ 11:30ರ ಪಂದ್ಯದ ಕೊನೆಯ ಅರ್ಧ ಗಂಟೆ ಮಾತ್ರ 1 ಗಂಟೆಯ ಆಟದ ಮೇಲೆ ಬೀಳುತ್ತದೆ. ಅಷ್ಟನ್ನು ಫೋನಿನಲ್ಲಿ ನೋಡಿಕೊಳ್ಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಈ ಲೆಕ್ಕ ತಪ್ಪುವುದು ವರ್ಷಕ್ಕೆ ಎರಡು ಸಲ. ಇಂಗ್ಲೆಂಡ್ ತನ್ನ ಗಡಿಯಾರವನ್ನು ಚಳಿಗಾಲಕ್ಕೆಂದು ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ, ಅಮೆರಿಕ ನವೆಂಬರ್ ಮೊದಲ ಭಾನುವಾರ. ನಡುವಿನ ಆ ಒಂದು ವಾರ ವ್ಯತ್ಯಾಸ 4 ಗಂಟೆಗೆ ಇಳಿಯುತ್ತದೆ, ಎಲ್ಲ ಪಂದ್ಯಗಳೂ ಇಲ್ಲಿ ಒಂದು ಗಂಟೆ ತಡವಾಗಿ ಶುರುವಾಗುತ್ತವೆ. ಫುಟ್‌ಬಾಲ್ ಕಾವೇರಿರುವ ವಾರವೇ ಅದು, ಹಾಗಾಗಿ 11 ಗಂಟೆಯ ಪಂದ್ಯಕ್ಕೂ ಅವರ 12 ಗಂಟೆಯ ಆಟಕ್ಕೂ ನೇರ ಡಿಕ್ಕಿ. ಆ ವಾರ ಗೆಳೆಯರನ್ನು ಸಾಕರ್ ನೋಡಲು ಕರೆಯಬೇಡಿ. ಮಾರ್ಚ್‌ನಲ್ಲೂ ಹೀಗೇ: ಅಮೆರಿಕದ್ದು ಎರಡನೆಯ ಭಾನುವಾರ ಬದಲಾದರೆ ಇಂಗ್ಲೆಂಡಿನದು ಕೊನೆಯ ಭಾನುವಾರ. ಆದರೆ ಅಷ್ಟರಲ್ಲಿ ಫುಟ್‌ಬಾಲ್ ಮುಗಿದಿರುತ್ತದೆ, ನಿಮಗೆ ಒಂದು ಗಂಟೆ ನಿದ್ದೆ ಲಾಭ.

ಊರಿನಲ್ಲಿ ರಾತ್ರಿ 12:30ಕ್ಕೋ 1:30ಕ್ಕೋ ಎದ್ದು ಕೂತು ನೋಡುತ್ತಿದ್ದ ಚಾಂಪಿಯನ್ಸ್ ಲೀಗ್ ಇಲ್ಲಿ ಮಂಗಳವಾರ, ಬುಧವಾರ ಮಧ್ಯಾಹ್ನ 3:00ಕ್ಕೆ, ಅಂದರೆ ಸರಿಯಾಗಿ ಆಫೀಸಿನ ಹೊತ್ತಿಗೆ. ಸಂಜೆ ಮರುಪ್ರಸಾರ ನೋಡುವುದೇ ದಾರಿ. ಅದಕ್ಕೆ ಫೋನಿನಲ್ಲಿ ಸ್ಕೋರ್ ಆ್ಯಪ್‌ನ ಸೂಚನೆ ನಿಲ್ಲಿಸಿದರೆ ಸಾಲದು. ಬೆಂಗಳೂರಿನ ಗೆಳೆಯರ ವಾಟ್ಸ್‌ಆ್ಯಪ್ ಗುಂಪನ್ನೂ 3 ಗಂಟೆಗೆ ಮೊದಲೇ ಮ್ಯೂಟ್ ಮಾಡಿ. ಫಲಿತಾಂಶ ಬಾಯಿಬಿಡುವುದು ಹೆಚ್ಚಾಗಿ ಅಲ್ಲಿಂದಲೇ. ಪ್ರಸಾರ ಒಂದೇ ಕಡೆ ಸಿಗುವುದಿಲ್ಲ. ಪ್ರೀಮಿಯರ್ ಲೀಗ್ ಎನ್‌ಬಿಸಿ ಮತ್ತು ಪೀಕಾಕ್‌ನಲ್ಲಿ, ಕೆಲವು ಪಂದ್ಯ ಯುಎಸ್‌ಎ ನೆಟ್‌ವರ್ಕ್‌ನಲ್ಲಿ. ಚಾಂಪಿಯನ್ಸ್ ಲೀಗ್ ಪ್ಯಾರಾಮೌಂಟ್ ಪ್ಲಸ್‌ನಲ್ಲಿ. ಇಲ್ಲಿಯದೇ ಲೀಗ್ ಎಂಎಲ್‌ಎಸ್ ಆ್ಯಪಲ್ ಟಿವಿಯಲ್ಲಿ. ಎಲ್ಲವನ್ನೂ ವರ್ಷಪೂರ್ತಿ ಕೊಳ್ಳಬೇಡಿ. ತಿಂಗಳ ಲೆಕ್ಕದಲ್ಲಿ ತೆಗೆದುಕೊಂಡು, ಜೂನ್, ಜುಲೈಯಲ್ಲಿ ಯುರೋಪ್ ಮಲಗಿರುವಾಗ ನಿಲ್ಲಿಸಿ. ಒಂದು ಒಳ್ಳೆಯ ಸಂಗತಿ: ಇಂಗ್ಲೆಂಡಿನವರಿಗೇ ಟಿವಿಯಲ್ಲಿ ನೇರ ಸಿಗದ, ಅಲ್ಲಿಯ ಶನಿವಾರ 3 ಗಂಟೆಯ (ಇಲ್ಲಿಯ 10ರ) ಪಂದ್ಯಗಳು ನಿಮಗೆ ಇಲ್ಲಿ ಸಿಗುತ್ತವೆ.

ಇನ್ನು ಅವರ ಆಟ. ಅದನ್ನು ಕಲಿಯಿರಿ. ಇದು ನನ್ನ ಗಟ್ಟಿ ಅಭಿಪ್ರಾಯ. 'ನಿಮ್ಮ ಆಟ ಬರೀ ನಿಲ್ಲುತ್ತಲೇ ಇರುತ್ತದೆ' ಎಂಬ ಮಾತನ್ನು ಸಾಕರ್ ಅಭಿಮಾನಿಗಳ ಬಾಯಲ್ಲಿ ಅವರು ಸಾಕಷ್ಟು ಕೇಳಿದ್ದಾರೆ. ಇನ್ನೊಂದು ಸಲ ಕೇಳಿಸಿಕೊಂಡರೆ ಮುಂದಿನ ವಾರ ನಿಮಗೆ ಕರೆ ಬರುವುದಿಲ್ಲ. ಆ ನಿಲುಗಡೆಯಲ್ಲೇ ಆಟದ ಅರ್ಧ ಇದೆ. ಕ್ರಿಕೆಟ್‌ನಲ್ಲಿ ಎಸೆತಕ್ಕೆ ಮುನ್ನ ನಾಯಕ ಫೀಲ್ಡ್ ಬದಲಿಸುವ ಹಾಗೆ, ಇಲ್ಲಿ ಪ್ರತಿ ಸಲ ಚೆಂಡು ಆಟಕ್ಕೆ ಬರುವ ಮುನ್ನ ಎರಡೂ ಕಡೆಯ ಕೋಚ್‌ಗಳು 11 ಜನರ ಜಾಗ ಗೊತ್ತುಮಾಡುತ್ತಾರೆ, ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸುತ್ತಾರೆ.

ಮೊದಲ ಭಾನುವಾರಕ್ಕೆ ಇಷ್ಟು ಗೊತ್ತಿದ್ದರೆ ಸಾಕು. ಚೆಂಡು ಇರುವ ತಂಡಕ್ಕೆ 4 ಅವಕಾಶ; ಒಂದೊಂದಕ್ಕೂ ಡೌನ್ ಎಂದು ಹೆಸರು. ಆ 4ರೊಳಗೆ 10 ಗಜ ಮುಂದೆ ಹೋದರೆ ಮತ್ತೆ 4 ಸಿಗುತ್ತದೆ. ಪರದೆಯ ಮೇಲೆ 'ಥರ್ಡ್ ಆ್ಯಂಡ್ 7' ಎಂದು ಕಂಡರೆ ಇದು ಮೂರನೆಯ ಅವಕಾಶ, ಇನ್ನೂ 7 ಗಜ ಬೇಕು ಎಂದರ್ಥ. ಮೈದಾನಕ್ಕೆ ಅಡ್ಡಲಾಗಿ ಕಾಣುವ ಹಳದಿ ಗೆರೆ ಆ 7 ಗಜದ ಗುರಿ. ಅದು ಟಿವಿಯಲ್ಲಿ ಮಾತ್ರ ಇರುತ್ತದೆ, ನೆಲದ ಮೇಲೆ ಇರುವುದಿಲ್ಲ. ಮೂರನೆಯ ಡೌನ್ ಬಂದಾಗ ಮಾತು ನಿಲ್ಲಿಸಿ, ಕೋಣೆಯಲ್ಲಿ ಎಲ್ಲರೂ ನಿಲ್ಲಿಸಿರುತ್ತಾರೆ. ನಾಲ್ಕನೆಯದರಲ್ಲಿ ಕೋಚ್ ಮುಂದೆ ಮೂರು ದಾರಿ: ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು, ಕಂಬಗಳ ನಡುವೆ ಒದ್ದು 3 ಅಂಕ ಗಳಿಸುವುದು, ಇಲ್ಲವೇ ಧೈರ್ಯ ಮಾಡಿ ಆಡುವುದು. ಧೈರ್ಯ ಕೈಕೊಟ್ಟರೆ ಚೆಂಡು ಅಲ್ಲೇ ಎದುರಾಳಿಯ ಪಾಲು. 'ಈಗ ಏನು ಮಾಡಬೇಕಿತ್ತು?' ಎಂದು ನಾಲ್ಕನೆಯ ಡೌನ್‌ನಲ್ಲಿ ಕೇಳಿ ನೋಡಿ. ನೀವು ಆಟದೊಳಗೆ ಬಂದಿರಿ ಎಂದು ಅವರಿಗೆ ಗೊತ್ತಾಗುವುದು ಆ ಪ್ರಶ್ನೆಯಿಂದ. ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ; ಆಮೇಲೆ ಕಂಬಗಳ ನಡುವೆ ಒದ್ದರೆ 1, ಮತ್ತೊಮ್ಮೆ ನುಗ್ಗಿದರೆ 2. 15 ನಿಮಿಷದ ನಾಲ್ಕು ಕ್ವಾರ್ಟರ್ ಎಂದು ಹೇಳಿದರೂ ಗಡಿಯಾರ ಆಗಾಗ ನಿಲ್ಲುವುದರಿಂದ ಒಟ್ಟು 3 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಸಂಜೆಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಕಾಲೇಜು ಆಟಕ್ಕೂ ಎನ್‌ಎಫ್‌ಎಲ್‌ಗೂ ನಿಯಮದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದೆ. ಗೆರೆಯ ಅಂಚಿನಲ್ಲಿ ಚೆಂಡು ಹಿಡಿದವನ ಒಂದು ಪಾದ ಒಳಗಿದ್ದರೆ ಕಾಲೇಜಿನಲ್ಲಿ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಪಾದ ಬೇಕು. ಹೊಸಬರು ತಪ್ಪಾಗಿ ಕೂಗುವುದು ಇಲ್ಲೇ ಹೆಚ್ಚು.

ಕೊಲಂಬಸ್‌ನಲ್ಲಿ ಎನ್‌ಎಫ್‌ಎಲ್ ತಂಡವಿಲ್ಲ. ಈಶಾನ್ಯಕ್ಕೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್, ನೈಋತ್ಯಕ್ಕೆ ಸಿನ್ಸಿನಾಟಿ ಬೆಂಗಾಲ್ಸ್. ಯಾರು ಯಾವ ಕಡೆಯವರು ಎಂದು ಮೊದಲೇ ಕೇಳಿಕೊಳ್ಳಿ. ಊರನ್ನು ಒಂದು ಮಾಡುವುದು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ. 1922ರಲ್ಲಿ ತೆರೆದ, ಒಂದು ಲಕ್ಷಕ್ಕೂ ಹೆಚ್ಚು ಜನ ಹಿಡಿಸುವ ಕುದುರೆ ಲಾಳದಾಕಾರದ ಓಹಾಯೊ ಸ್ಟೇಡಿಯಂ ಅವರದು. ಅಪರಿಚಿತರು ಬೀದಿಯಲ್ಲಿ 'ಓ-ಎಚ್' ಎಂದು ಕೂಗಿದರೆ 'ಐ-ಓ' ಎಂದು ಓಹಾಯೊದ ಹೆಸರು ಪೂರ್ತಿ ಮಾಡಿ. ನವೆಂಬರ್ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ, ಬದ್ಧವೈರಿ ಮಿಷಿಗನ್ ವಿಶ್ವವಿದ್ಯಾಲಯದ ಜೊತೆ ಪಂದ್ಯ. ಅವತ್ತು ನೀಲಿ-ಹಳದಿ ಅಂಗಿ ಹಾಕಬೇಡಿ, ಅರ್ಜೆಂಟೀನಾದ ಸಾಕರ್ ತಂಡ ಬೋಕಾ ಜೂನಿಯರ್ಸ್‌ನ ಜೆರ್ಸಿ ಆದರೂ ಸರಿ. ಅದು ಮಿಷಿಗನ್ ಬಣ್ಣ. ಅವತ್ತು ಸಾಕರ್ ವಿಷಯ ತೆಗೆಯುವುದೂ ಬೇಡ.

ಎನ್‌ಎಫ್‌ಎಲ್ ಮೈದಾನಕ್ಕೆ ಹೋಗುವುದಾದರೆ ಬ್ಯಾಕ್‌ಪ್ಯಾಕ್ ಬಿಡುವುದಿಲ್ಲ. 12 ಇಂಚು ಅಗಲ, 12 ಎತ್ತರ, 6 ದಪ್ಪ ಮೀರದ ಪಾರದರ್ಶಕ ಚೀಲ ಬೇಕು, ಇಲ್ಲದಿದ್ದರೆ ಒಂದು ಗ್ಯಾಲನ್‌ನ ಜಿಪ್‌ಲಾಕ್. ವಿಷಯ ಗೊತ್ತಿಲ್ಲದೆ ಬಂದವರು ಗೇಟಿನಿಂದ ಕಾರಿಗೆ ವಾಪಸ್ ನಡೆಯುತ್ತಾರೆ.

ಊಟದ ಮಾತು. ಪಂದ್ಯ ನೋಡಲು ಮನೆಗೆ ಕರೆದಾಗ ಎಲ್ಲರೂ ಒಂದೊಂದು ತಿನಿಸು ತರುವುದು ಇಲ್ಲಿಯ ರೂಢಿ. ಸಸ್ಯಾಹಾರಿಯಾದರೆ ಎಚ್ಚರ: ಚಿಲಿ ಎಂಬ ಗೊಜ್ಜಿನಲ್ಲಿ ಹೆಚ್ಚಾಗಿ ದನದ ಮಾಂಸ ಇರುತ್ತದೆ, ಡಿಪ್‌ನಲ್ಲಿ ಕೋಳಿ, ಕಾಳು ಬೇಯಿಸಿ ಅರೆದ ರೀಫ್ರೈಡ್ ಬೀನ್ಸ್‌ನಲ್ಲಿ ಹಂದಿ ಕೊಬ್ಬು ಇರಬಹುದು. ಕಡಲೆಬೀಜದ ಬೆಣ್ಣೆಯನ್ನು ಚಾಕೊಲೇಟಿನಲ್ಲಿ ಅದ್ದಿದ ಬಕೈ ಉಂಡೆಯನ್ನು ಓಹಾಯೊದವರು ಖಂಡಿತ ತರುತ್ತಾರೆ, ತಿನ್ನಿ. ನೀವು ಒಯ್ಯಲು ಕಾಂಗ್ರೆಸ್ ಕಡ್ಲೆಬೀಜಕ್ಕಿಂತ ಒಳ್ಳೆಯದು ಇಲ್ಲ. ಅಂಗಡಿಯಲ್ಲಿ ಸಿಗುವ ಉಪ್ಪಿಲ್ಲದ ಹುರಿದ ಕಡಲೆಬೀಜ 1 ಪೌಂಡ್ ತಂದು ಎರಡು ಹೋಳು ಮಾಡಿ. 2 ಚಮಚ ಎಣ್ಣೆಯಲ್ಲಿ ಎರಡು ಎಸಳು ಕರಿಬೇವು ಗರಿಗರಿಯಾಗುವವರೆಗೆ ಹುರಿದು, ಉರಿ ಆರಿಸಿ, ಇಂಗು, ಕಾಲು ಚಮಚ ಅರಿಶಿನ, 1 ಚಮಚ ಮೆಣಸಿನಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಉಪ್ಪು ಹಾಕಿ ಬೀಜ ಹೊರಳಿಸಿ. ತೊಳೆದ ಕರಿಬೇವಿನ ನೀರು ಆರಿರದಿದ್ದರೆ ಬೀಜ ಮೆತ್ತಗಾಗುತ್ತದೆ. ಉರಿ ಇರುವಾಗಲೇ ಪುಡಿ ಹಾಕಿದರೆ ಸೀಯುತ್ತದೆ. ಬರುವವರಲ್ಲಿ ಕಡಲೆಬೀಜದ ಅಲರ್ಜಿ ಯಾರಿಗಾದರೂ ಇದೆಯೇ ಎಂದು ಮೊದಲೇ ಕೇಳಲೇಬೇಕು, ಇಲ್ಲಿ ಅದು ಪ್ರಾಣದ ಪ್ರಶ್ನೆ. ಇದ್ದರೆ ಚುರುಮುರಿ ಒಯ್ಯಿರಿ, ಕಡಲೆಬೀಜ ಹಾಕದೆ. ಮಂಡಕ್ಕಿ ಬೇರೆ, ಈರುಳ್ಳಿ-ಟೊಮೆಟೊ ಬೇರೆ ಡಬ್ಬಿಯಲ್ಲಿಟ್ಟು ಹಾಫ್‌ಟೈಮ್‌ನಲ್ಲಿ ಕಲಸಿ.

ಆಡಬೇಕು ಅಂತಲೂ ಕೇಳಿದ್ದೀರಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೊರಗೆ ಆಡುವುದು ಕಷ್ಟ, ಒಳಾಂಗಣ ಲೀಗ್ ಹುಡುಕಿ. ಅಲ್ಲಿ ಚಪ್ಪಟೆ ಅಡಿಯ ಅಥವಾ ಟರ್ಫ್ ಶೂ ಬೇಕು, ಶಿನ್ ಗಾರ್ಡ್ ಕಡ್ಡಾಯ, ಸ್ಲೈಡ್ ಟ್ಯಾಕಲ್ ಸಾಮಾನ್ಯವಾಗಿ ನಿಷಿದ್ಧ. ಅಗ್ಗಕ್ಕೆ ಸಿಕ್ಕಿತೆಂದು ಫುಟ್‌ಬಾಲ್ ಅಥವಾ ಬೇಸ್‌ಬಾಲ್ ಕ್ಲೀಟ್ಸ್ (ಅಡಿಯಲ್ಲಿ ಗುಬುಟುಗಳಿರುವ ಶೂ) ಕೊಳ್ಳಬೇಡಿ: ಅವುಗಳ ಬೆರಳ ತುದಿಯಲ್ಲಿ ಒಂದು ಗುಬುಟು ಇರುತ್ತದೆ, ಸಾಕರ್ ರೆಫರಿ ಅದನ್ನು ಒಪ್ಪುವುದಿಲ್ಲ. ಆಡುವ ಮುಂಚೆ ಆರೋಗ್ಯ ವಿಮೆಯ ಡಿಡಕ್ಟಿಬಲ್ (ವಿಮೆಯವರು ಕೊಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ) ಎಷ್ಟು, ನಿಮ್ಮ ವಿಮೆ ನಡೆಯುವ ಅರ್ಜೆಂಟ್ ಕೇರ್ (ಸಣ್ಣಪುಟ್ಟ ಪೆಟ್ಟನ್ನು ಕೂಡಲೇ ನೋಡುವ ಕ್ಲಿನಿಕ್) ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಕಾಲು ಉಳುಕಿದ್ದಕ್ಕೆ ಎಮರ್ಜೆನ್ಸಿ ರೂಮಿಗೆ ಹೋದರೆ ಬಿಲ್ಲು ಹಲವು ಪಟ್ಟು.

ಅವರಿಗೆ ನಿಮ್ಮ ಆಟ ತೋರಿಸುವುದು ಹೇಗೆ? ಆಫ್‌ಸೈಡ್‌ನಿಂದ ಶುರುಮಾಡಬೇಡಿ. ಕೆಳಕ್ಕೆ ಬೀಳುವ ವಿಷಯದಿಂದ ಶುರುಮಾಡಿ. ಎನ್‌ಎಫ್‌ಎಲ್‌ನಲ್ಲಿ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮುಂದಿನ ವರ್ಷ ಹೊಸ ಆಟಗಾರರನ್ನು ಆರಿಸುವ ಮೊದಲ ಸರದಿ ಸಿಗುತ್ತದೆ. ಪ್ರೀಮಿಯರ್ ಲೀಗ್‌ನಲ್ಲಿ 38 ಪಂದ್ಯ ಮುಗಿದಾಗ 20ರಲ್ಲಿ ಕೊನೆಯ 3 ತಂಡ ಕೆಳಗಿನ ಲೀಗ್‌ಗೆ ಹೋಗುತ್ತವೆ. ಇದನ್ನು ಕೇಳಿದ ಬ್ರೌನ್ಸ್ ಅಭಿಮಾನಿಗೆ ಆಟದ ರುಚಿ ತಕ್ಷಣ ಹತ್ತುತ್ತದೆ. ಹಾಗಾಗಿ ಮೊದಲು ಕರೆಯಬೇಕಾದದ್ದು ಮೇ ತಿಂಗಳಲ್ಲಿ ಬರುವ ಲೀಗ್‌ನ ಕೊನೆಯ ದಿನಕ್ಕೆ: ಭಾನುವಾರ ಬೆಳಿಗ್ಗೆ 11ರ ಸುಮಾರಿಗೆ ಹತ್ತೂ ಪಂದ್ಯ ಒಟ್ಟಿಗೆ ಶುರು, ಫುಟ್‌ಬಾಲ್ ಆಗ ರಜೆಯಲ್ಲಿರುತ್ತದೆ. ಆದರೆ ಉಳಿಯುವವರು ಯಾರು, ಬೀಳುವವರು ಯಾರು ಎಂದು ಆ ಹೊತ್ತಿಗೆ ತೀರ್ಮಾನ ಆಗಿರಬಾರದು; ಅಂಕಪಟ್ಟಿ ನೋಡಿಕೊಂಡು ಕರೆಯಿರಿ.

ನಿಮ್ಮ ಕೈಯಲ್ಲಿ ಇನ್ನೂ ದೊಡ್ಡದೊಂದಿದೆ: ಊರಿನ ಸ್ವಂತ ತಂಡ ಕೊಲಂಬಸ್ ಕ್ರೂ. 1996ರಲ್ಲಿ ಎಂಎಲ್‌ಎಸ್ ಶುರುವಾದಾಗಿನ ತಂಡ; ಮೊದಲ ವರ್ಷಗಳಲ್ಲಿ ಅದೇ ಓಹಾಯೊ ಸ್ಟೇಡಿಯಂನಲ್ಲಿ ಆಡಿ, 1999ರಲ್ಲಿ ಈ ಲೀಗ್‌ನಲ್ಲೇ ಮೊದಲನೆಯದಾಗಿ ಸಾಕರ್‌ಗೆಂದೇ ಕಟ್ಟಿದ ಮೈದಾನಕ್ಕೆ ಹೋಯಿತು. 2008, 2020, 2023ರಲ್ಲಿ ಎಂಎಲ್‌ಎಸ್ ಕಪ್ ಗೆದ್ದಿದೆ. ಕ್ಲೀವ್‌ಲ್ಯಾಂಡ್ ಗೆಳೆಯನಿಗೆ ಹೇಳಬೇಕಾದ ಕಥೆ ಬೇರೆಯೇ ಇದೆ. 1995ರಲ್ಲಿ ಮಾಲೀಕ ಆರ್ಟ್ ಮೋಡೆಲ್ ಬ್ರೌನ್ಸ್ ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುತ್ತೇನೆಂದು ಸಾರಿದರು. ಆ ಗಾಯದಿಂದ ಓಹಾಯೊ ಒಂದು ಕಾನೂನು ಮಾಡಿತು: ತೆರಿಗೆ ಹಣದ ನೆರವು ಪಡೆದ ಮೈದಾನದಲ್ಲಿ ಆಡುವ ತಂಡ ಊರು ಬಿಡಬೇಕಾದರೆ 6 ತಿಂಗಳು ಮೊದಲೇ ತಿಳಿಸಬೇಕಿತ್ತು, ಸ್ಥಳೀಯರಿಗೆ ಕೊಳ್ಳುವ ಅವಕಾಶ ಕೊಡಬೇಕಿತ್ತು. 2017ರ ಅಕ್ಟೋಬರ್‌ನಲ್ಲಿ ಕ್ರೂ ಟೆಕ್ಸಸ್‌ನ ಆಸ್ಟಿನ್‌ಗೆ ಹೋಗಬಹುದೆಂಬ ಸುದ್ದಿ ಬಂದಾಗ ಅಭಿಮಾನಿಗಳು 'ಸೇವ್ ದ ಕ್ರೂ' ಚಳವಳಿ ಕಟ್ಟಿದರು. 2018ರ ಮಾರ್ಚ್‌ನಲ್ಲಿ ರಾಜ್ಯ ಮತ್ತು ನಗರ ಅದೇ ಕಾನೂನನ್ನು ಹಿಡಿದು ಕೋರ್ಟಿಗೆ ಹೋದವು. ಕೊನೆಗೆ ತಂಡ ಉಳಿಯಿತು, ಮತ್ತು 2019ರಲ್ಲಿ ಅದನ್ನು ಕೊಂಡವರಲ್ಲಿ ಬ್ರೌನ್ಸ್ ಮಾಲೀಕರಾದ ಹ್ಯಾಸ್ಲಮ್ ಕುಟುಂಬವೂ ಒಂದು. ಫುಟ್‌ಬಾಲ್ ಅಭಿಮಾನಿಗಳ ನೋವಿನಿಂದ ಹುಟ್ಟಿದ ಕಾನೂನು ಸಾಕರ್ ಅಭಿಮಾನಿಗಳ ಕೈ ಹಿಡಿಯಿತು. ಸಿನ್ಸಿನಾಟಿಯ ಗೆಳೆಯನಿದ್ದರೆ ಎಫ್‌ಸಿ ಸಿನ್ಸಿನಾಟಿ ಜೊತೆಗಿನ 'ಹೆಲ್ ಈಸ್ ರಿಯಲ್' ಡರ್ಬಿಗೆ ಕರೆದೊಯ್ಯಿರಿ. ಐ-71 ಹೆದ್ದಾರಿಯ ಒಂದು ಫಲಕದಿಂದ ಬಂದ ಹೆಸರು ಅದು.

ಮೈದಾನ ಈಗ ಡೌನ್‌ಟೌನ್‌ನಲ್ಲಿದೆ, 2021ರಲ್ಲಿ ತೆರೆದದ್ದು, 20,000ಕ್ಕೆ ಸ್ವಲ್ಪ ಮೇಲ್ಪಟ್ಟು ಜನ ಹಿಡಿಸುತ್ತದೆ. ಉತ್ತರದ ನಾರ್ಡೆಕೆ ಭಾಗದಲ್ಲಿ 90 ನಿಮಿಷವೂ ನಿಂತೇ ಹಾಡುತ್ತಾರೆ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳು ನಿಂತು ಕೂಗುವ ವೆಸ್ಟ್ ಬ್ಲಾಕ್ ಬಲ್ಲ ನಿಮಗೆ ಅದೇ ಜಾಗ, ಆದರೆ ಮೊದಲ ಸಲ ಬರುವ ಗೆಳೆಯರಿಗೆ ಬೇಡ: ಮುಂದಿನವರ ಬಾವುಟ ಅಡ್ಡ ಬಂದು ಆಟ ಕಾಣುವುದಿಲ್ಲ, ಪಕ್ಕದಲ್ಲಿ ವಿವರಿಸಲೂ ಆಗುವುದಿಲ್ಲ. ಉದ್ದದ ಬದಿಯಲ್ಲಿ, ಸ್ವಲ್ಪ ಎತ್ತರದ ಸೀಟು ತೆಗೆಯಿರಿ; ಆಟಗಾರರ ಸಾಲು ಮುಂದೆ ಹಿಂದೆ ಸರಿಯುವುದು ಅಲ್ಲಿಂದ ಕಾಣುತ್ತದೆ, ಆಫ್‌ಸೈಡ್ ಹೇಳಿಕೊಡದೆಯೂ ಅರ್ಥವಾಗುತ್ತದೆ. ಮಾರ್ಚ್‌ನ ಪಂದ್ಯಕ್ಕೆ ಮಾತ್ರ ಕರೆಯಬೇಡಿ, ಚಳಿಗೆ ಹಾಫ್‌ಟೈಮ್‌ನಲ್ಲೇ ಎದ್ದು ಹೋಗುತ್ತಾರೆ. ಮೇ ತಿಂಗಳ ಶನಿವಾರ ರಾತ್ರಿ 7:30ರ ಪಂದ್ಯಕ್ಕೆ ಕರೆಯಿರಿ, ಮತ್ತು ಬ್ರೌನ್ಸ್‌ನವನಿಗೆ ಮೊದಲೇ ಹೇಳಿಬಿಡಿ: ಕ್ರೂನ ಕಪ್ಪು-ಹಳದಿ ಅವನ ಬದ್ಧವೈರಿ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಬಣ್ಣವೂ ಹೌದು, ಅಂಗಿ ಕೊಂಡುಕೊಟ್ಟರೆ ಹಾಕಿಕೊಳ್ಳಲು ಸ್ವಲ್ಪ ಕಾಲ ಬೇಕಾಗುತ್ತದೆ.